ಸುಟ್ಟುಹೋದ ಕಡತ, ಉಳಿದ ಹೆಸರು

ರೇಷ್ಮೆ ಸೀರೆಯನ್ನು ಡ್ರೈ ಕ್ಲೀನಿಂಗ್‌ಗೆ ಕೊಡುವಾಗ ಆ ವಿದ್ಯೆ ಯಾರದೆಂದು ನಾವು ಕೇಳುವುದಿಲ್ಲ. ಅದಕ್ಕೆ ಹತ್ತಿರದ ವಿಧಾನವೊಂದಕ್ಕೆ ಮೊದಲು ಪೇಟೆಂಟ್ ಪಡೆದವನು ನ್ಯೂಯಾರ್ಕಿನ ದರ್ಜಿ ಥಾಮಸ್ ಜೆನ್ನಿಂಗ್ಸ್. ಆಫ್ರಿಕನ್ ಮೂಲದವನು, ಆದರೆ ಗುಲಾಮನಾಗಿರಲಿಲ್ಲ. 1821ರ ಮಾರ್ಚ್ 3ರಂದು ಅವನಿಗೆ ಪೇಟೆಂಟ್ ದೊರೆಯಿತು. ಅಮೆರಿಕದಲ್ಲಿ ಅದನ್ನು ಪಡೆದ ಮೊದಲ ಕಪ್ಪು ವರ್ಣೀಯ ಅವನೇ ಎಂದು ಇತಿಹಾಸಕಾರರ ಎಣಿಕೆ. ಗುಲಾಮರಿಗೆ ಈ ಹಕ್ಕು ಸಲ್ಲದೆಂದು ಅಲ್ಲಿನ ಅಟಾರ್ನಿ ಜನರಲ್ 1858ರಲ್ಲಿ ಬರೆದೇ ಕೊಟ್ಟರು.

ಪೇಟೆಂಟ್ ಎಂದರೆ ಒಂದು ಬಗೆಯ ಕರಾರು. ಕಸುಬುದಾರ ತನ್ನ ಗುಟ್ಟನ್ನು ಸರ್ಕಾರದ ಕಡತದಲ್ಲಿ ಬಿಚ್ಚಿಡಬೇಕು. ಪ್ರತಿಯಾಗಿ, ಆಗಿನ ಕಾಯ್ದೆಯಂತೆ, 14 ವರ್ಷ ಅದರ ಹಕ್ಕು ಅವನೊಬ್ಬನದು. ಆಮೇಲೆ ಅದು ಎಲ್ಲರ ಸೊತ್ತು. ಜೆನ್ನಿಂಗ್ಸ್‌ನ ಅವಧಿ ಮುಗಿದದ್ದು 1835ರಲ್ಲಿ.

ಮರುವರ್ಷ, ಡಿಸೆಂಬರ್ 15ರಂದು, ವಾಷಿಂಗ್‌ಟನ್ನಿನ ಪೇಟೆಂಟ್ ಕಚೇರಿಗೆ ಬೆಂಕಿ ಬಿತ್ತು. ಸುಮಾರು 10,000 ಪೇಟೆಂಟುಗಳ ದಾಖಲೆ ಬೂದಿಯಾಯಿತು. ಪೇಟೆಂಟುದಾರರ ಬಳಿಯಿದ್ದ ಪ್ರತಿಗಳು ಮುಂತಾದವುಗಳಿಂದ ಮರಳಿ ದೊರೆತವು 2,800ರಷ್ಟು ಮಾತ್ರ; ಈ ದರ್ಜಿಯ ವಿವರಣೆ ಅವುಗಳಲ್ಲಿಲ್ಲ. ಹದಿನಾಲ್ಕು ವರ್ಷ ಕಾದ ಸಾರ್ವಜನಿಕರಿಗೆ ಅದು ಎರಡು ವರ್ಷವೂ ದಕ್ಕಲಿಲ್ಲ!

ಹೀಗಾಗಿ ಇಂದಿನ ಡ್ರೈ ಕ್ಲೀನಿಂಗ್‌ಗೆ ಅವನನ್ನೇ ಮೂಲಪುರುಷನೆನ್ನುವುದು ತುಸು ಅವಸರದ ಮಾತು. ಅವನು ಬಳಸಿದ ದ್ರವ ಯಾವುದು, ಕಲೆ ತೆಗೆದದ್ದು ಹೇಗೆ, ಯಾರೂ ಹೇಳಲಾರರು. ಪಟ್ಟಿಯಲ್ಲಿ ಉಳಿದಿರುವುದು ಹೆಸರು, ಊರು, ತಾರೀಖು, ಬಟ್ಟೆಯ ಒಣ ಶುದ್ಧಿಯೆಂಬ ಶೀರ್ಷಿಕೆ. ಜೊತೆಗೆ, ಹಳೆಯ ಪೇಟೆಂಟುಗಳಿಗೆಲ್ಲ ಆಮೇಲೆ ಕೊಟ್ಟಂತೆ, ಎಕ್ಸ್ ಗುರುತಿನ ಒಂದು ಸಂಖ್ಯೆ: 3306.