ಅಪ್ಪಿಕೊಂಡ್ರ ಇಲಿ ಆಗ್ತಾನ!

ಹುಡುಗಿ ಅಪ್ಪಿಕೊಂಡ್ಳು.
ಹುಡುಗ ಪಟ್ಟಂತ ಇಲಿ ಆದ!
ಹಿಂಗಾದ್ರ ಪ್ರೀತಿ ಮಾಡೋದು ಹ್ಯಾಂಗ್ರಿ?

ಆಳಂದ, ಅಫಜಲಪುರ, ಜೇವರ್ಗಿ ಮಂದಿ, ಕೇಳ್ರಿ.
ಇದು ಜಪಾನಿನ ಕಾರ್ಟೂನ್ ಸರಣಿ ‘ಫ್ರೂಟ್ಸ್ ಬಾಸ್ಕೆಟ್’.
ಸೋಮಾ ಮನೆತನಕ್ಕ ಶಾಪ.
ಒಬ್ಬ ಇಲಿ, ಒಬ್ಬ ಹಾವು, ಒಬ್ಬ ಬೆಕ್ಕು.
ಅರಿವಿ ಮಾತ್ರ ನೆಲದ ಮ್ಯಾಲ ಬಿದ್ದಿರ್ತಾವ!

ಶಾಪ ಅಂದ್ರ ತೊಗರಿ ಹೊಲದ ಪಹಣಿ ಇದ್ದಂಗ.
ಬ್ಯಾಡಂದ್ರೂ ಮುಂದಿನವರ ಹೆಸರಿಗೆ ಬರ್ತದ.

ನಮ್ಮ ಕಡಿಯೂ ಹಿಂತಾ ಒಂದು ಶಾಪ ಅದ.
1610ರಾಗ ಶ್ರೀರಂಗಪಟ್ಟಣ ರಾಜ ಒಡೆಯರ್ ಕೈಗೆ ಬಂತು.
ಮೊದಲು ಅಲ್ಲಿ ಆಳತಿದ್ದವನ ಹೆಂಡತಿ ಅಲಮೇಲಮ್ಮ ಒಡವಿ ಸಮೇತ ಮಾಲಂಗಿ ಮಡುವಿಗೆ ಹಾರಿದ್ಳಂತ.
ಹಾರೋ ಮುಂಚೆ ಅಂದದ್ದು:
ಮೈಸೂರು ದೊರೆಗೆ ಮಕ್ಕಳಾಗಬಾರದು!

2015ರಾಗ ಮೈಸೂರು ರಾಜಮನೆತನಕ್ಕ ಯದುವೀರ್ ದತ್ತು ಬಂದ್ರು.
2016ರಾಗ ಮದುವಿ.
2017ರಾಗ ಗಂಡು ಕೂಸು!

ಸೋಮಾ ಮನಿ ಶಾಪ ಬಿಡ್ತದೋ ಇಲ್ಲೋ?
ಅದಕ್ಕ 63 ಕಂತು ನೋಡಬೇಕು.
ಮೊದಲು ನಗಸ್ತದ,
ಆಮ್ಯಾಲ ಅಳಸ್ತದ.
ಕರ್ಚೀಪ ಇಟ್ಕೊಂಡು ಕೂಡ್ರಿ.