ನಿರುದ್ಯೋಗದ ಅಳತೆಗೋಲು

ಆಫ್ರಿಕ ಖಂಡದ ದೇಶಗಳ ನಿರುದ್ಯೋಗದ ಪಟ್ಟಿಯನ್ನು ಓದತೊಡಗಿದರೆ ಮೊದಲು ಎದುರಾಗುವುದು ಒಂದು ಒಗಟು. ದುಡಿಯುವವರನ್ನೂ ದುಡಿಮೆ ಅರಸುವವರನ್ನೂ ಕೂಡಿಸಿದ ಲೆಕ್ಕದಲ್ಲಿ, 2023ರ ಆರಂಭಕ್ಕೆ ದಕ್ಷಿಣ ಆಫ್ರಿಕದಲ್ಲಿ ಶೇಕಡ 32.9 ಮಂದಿ ನಿರುದ್ಯೋಗಿಗಳು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ ಅದೇ ವರ್ಷ ನೈಜರ್ ದೇಶದಲ್ಲಿ ಈ ಪ್ರಮಾಣ ಶೇಕಡ 1ನ್ನೂ ಮುಟ್ಟುವುದಿಲ್ಲ. ಮೊದಲನೆಯದು ಗಣಿ, ಕಾರ್ಖಾನೆ, ಬಂದರುಗಳ ನಾಡು. ಎರಡನೆಯದು ಜಗತ್ತಿನ ಕಡುಬಡ ದೇಶಗಳಲ್ಲೊಂದು. ಹಾಗಾದರೆ ಬಡತನವೇ ಉದ್ಯೋಗವನ್ನು ಒದಗಿಸುತ್ತದೆಯೆ?

ಒಗಟಿನ ಕೀಲಿ ‘ನಿರುದ್ಯೋಗಿ’ ಎಂಬ ಮಾತಿನ ಅರ್ಥದಲ್ಲಿದೆ. ಗಣತಿಯವರ ಪಾಲಿಗೆ ಕೆಲಸವಿಲ್ಲದವರೆಲ್ಲ ನಿರುದ್ಯೋಗಿಗಳಲ್ಲ. ಆ ಹೆಸರು ಸಲ್ಲಲು ಮೂರು ಲಕ್ಷಣಗಳು ಕೂಡಬೇಕು: ವಿಚಾರಿಸಿದ ವಾರದಲ್ಲಿ ಕೂಲಿಗಾಗಲಿ ಲಾಭಕ್ಕಾಗಲಿ ಒಂದು ಗಂಟೆಯೂ ದುಡಿದಿರಬಾರದು, ಕೆಲಸ ದೊರೆತರೆ ಸೇರಲು ಸಿದ್ಧರಿರಬೇಕು, ಈಚೆಗೆ ಅದನ್ನು ಅರಸಿರಲೂ ಬೇಕು. ನೈಜರ್‌ನಲ್ಲಿ ಸಜ್ಜೆ ಬೆಳೆದು, ಆಡು ಸಾಕಿ, ಸಂತೆಯಲ್ಲಿ ಒಂದಿಷ್ಟು ಮಾರಿ ಬರುವವನ ಗಳಿಕೆ ಮನೆಮಂದಿಯ ಗಂಜಿಗೆ ಸಾಲದಿದ್ದರೂ ಪಟ್ಟಿಯಲ್ಲಿ ಅವನು ಉದ್ಯೋಗಸ್ಥನೇ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬುದು ನಮ್ಮ ಗಾದೆ. ಕುಡಿಕೆಯೇ ಇಲ್ಲದವನು ಕೂರುವುದಾದರೂ ಹೇಗೆ?

ದಕ್ಷಿಣ ಆಫ್ರಿಕದ ಕಥೆ ಬೇರೆ. ಅಲ್ಲಿಯ 1913ರ ಭೂಕಾಯಿದೆ ಬಹುಸಂಖ್ಯಾತರಾದ ಕರಿಯರಿಗೆ ಸುಮಾರು ಶೇಕಡ 7ರಷ್ಟು ನೆಲವನ್ನು ಮಾತ್ರ ಉಳಿಸಿತು. ಬಳಿಕ ಬಂದ ವರ್ಣಭೇದ ನೀತಿ ಅವರ ವಸತಿಗಳನ್ನು ಪಟ್ಟಣಗಳಿಂದ ದೂರ ತಳ್ಳಿತು. ಆತುಕೊಳ್ಳಲು ಹೊಲವಿಲ್ಲ, ಕೆಲಸವಿರುವ ಊರು ಹತ್ತಿರವಿಲ್ಲ. ಹಿರಿಯರ ಮಾಸಾಶನವನ್ನೋ ಮನೆಯ ಒಬ್ಬರ ಸಂಬಳವನ್ನೋ ನೆಚ್ಚಿ ಉಳಿದವರು ಕೆಲಸ ಅರಸುತ್ತಾರೆ. ಅರಸಿ ಬೇಸತ್ತು ಕೈಬಿಟ್ಟವರನ್ನೂ ಸೇರಿಸಿದರೆ ಅಂಕಿ 42.4ಕ್ಕೆ ಏರುತ್ತದೆ.

ಅಳತೆಗೋಲೇ ಬದಲಾದರೆ ಏನಾಗುವುದೆಂಬುದಕ್ಕೆ ನೈಜೀರಿಯ ನಿದರ್ಶನ. ವಾರಕ್ಕೆ 20 ಗಂಟೆಗಿಂತ ಕಡಿಮೆ ದುಡಿದವರನ್ನೂ ಅಲ್ಲಿ ನಿರುದ್ಯೋಗಿಗಳೆಂದೇ ಎಣಿಸುತ್ತಿದ್ದರು. 2020ರ ಕೊನೆಗೆ ಪ್ರಮಾಣ ಶೇಕಡ 33.3 ಇತ್ತು. 2023ರಲ್ಲಿ ಒಂದು ಗಂಟೆಯ ನಿಯಮ ಬಂದಿತು. ಆ ವರ್ಷದ ಮೊದಲ ಮೂರು ತಿಂಗಳ ಅಂಕಿ 4.1. ಇಷ್ಟು ದೊಡ್ಡ ಇಳಿತಕ್ಕೆ ಮುಖ್ಯ ಕಾರಣ ಹೊಸ ಉದ್ಯೋಗಗಳಲ್ಲ, ಹೊಸ ಎಣಿಕೆ. ಹೊಸ ಪದ್ಧತಿ ಇತರ ದೇಶಗಳೊಡನೆ ಹೋಲಿಕೆಗೆ ಅನುಕೂಲವೇ ಸರಿ. ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯೂ ಇದೆ: ದುಡಿಯುತ್ತಿದ್ದವರಲ್ಲಿ ಶೇಕಡ 92.6 ಮಂದಿ ಯಾವ ಭದ್ರತೆಯೂ ಇಲ್ಲದ ಅಸಂಘಟಿತ ಕೆಲಸಗಳಲ್ಲಿದ್ದರು.

ಆದ್ದರಿಂದ ಇಂಥ ಪಟ್ಟಿಯನ್ನು ಕಂಡಾಗ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಮೂರು. ಯಾರನ್ನು ಎಣಿಸಿದ್ದಾರೆ? ಯಾರನ್ನು ಬಿಟ್ಟಿದ್ದಾರೆ? ಕೆಲಸದಲ್ಲಿರುವವರ ಗಳಿಕೆ ಎಷ್ಟು? ಮೂರನೆಯದನ್ನು ಮರೆತ ಸರ್ಕಾರ ಚಿಕ್ಕ ಅಂಕಿಯನ್ನು ನಂಬಿ ನಿಶ್ಚಿಂತವಾಗಬಹುದು. ಹಗಲೆಲ್ಲ ದುಡಿದೂ ಹಸಿದವನು ಅದರ ಕಣ್ಣಿಗೆ ಬೀಳುವುದೇ ಇಲ್ಲ.