ತೆಂಗಿನಕಾಯಿಗೆ ಗುರಿ ತಪ್ಪಿತಾ? ಕಣ್ಣನ್ನು ಬೈಯುವ ಮೊದಲು ಕೋವಿ ನೋಡಿ

ಕೈಲ್ ಪೊಳ್ದ್ ಬಂತೆಂದರೆ ಕೊಡಗಿನ ಊರೂರಿನಲ್ಲೂ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹೆಸರು ಕೊಟ್ಟು, ಸರದಿ ಕಾದು, ಉಸಿರು ಬಿಗಿಹಿಡಿದು ಟ್ರಿಗರ್ ಒತ್ತಿದರೆ ಕಾಯಿ ಮಾತ್ರ ಅಲ್ಲಾಡಲ್ಲ. ಪಕ್ಕದಲ್ಲಿ ನಿಂತವರು "ಕೈ ನಡುಗಿತು ಕಣೋ" ಅಂತಾರೆ. ಕೈ ನಡುಗಿದ್ದೂ ಇರಬಹುದು. ಆದರೆ ಎಷ್ಟೋ ಸಲ ಆ ಗುರಿ ತಪ್ಪಿದ್ದು ಮೈದಾನದಲ್ಲಲ್ಲ, ಮಳೆಗಾಲದಲ್ಲಿ ಮನೆಯ ಬೀರುವಿನೊಳಗೆ.

ಹಿಂದೆ ಗದ್ದೆ ನಾಟಿ ಮುಗಿಸಿ, ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡಿ, ಬೇಟೆಗೆ ಹೊರಡುವ ಹಬ್ಬ ಇದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ, ಕಡವೆಗೆ ಕೋವಿ ಎತ್ತುವಂತಿಲ್ಲ. ಈಗ ಗುರಿ ಎಂದರೆ ತೆಂಗಿನಕಾಯಿ. ಆದರೆ ಹಬ್ಬದ ಕಾಲ ಬದಲಾಗಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯಲ್ಲಿ ಥಂಡಿ ಹಿಡಿದ ಕೋವಿ, ಸೆಪ್ಟೆಂಬರ್ ಮೊದಲ ವಾರ ನೇರ ಸ್ಪರ್ಧೆಗೆ ಬರುತ್ತೆ.

ರೆಕ್ಸಿನ್ ಅಥವಾ ಕ್ಯಾನ್ವಾಸ್ ಕವರ್‌ನೊಳಗೆ ಹಾಕಿಟ್ಟರೆ ಕೋವಿ ಭದ್ರ ಎಂದು ಹಲವರು ನಂಬಿದ್ದಾರೆ. ಆಗುವುದು ಉಲ್ಟಾ. ಕವರ್ ತೇವ ಹೀರಿ ಹಿಡಿದುಕೊಳ್ಳುತ್ತೆ, ನಳಿಗೆಯೊಳಗೆ ತುಕ್ಕು ಏಳುತ್ತೆ. ಮರದ ಭಾಗವೂ ತೇವಕ್ಕೆ ಉಬ್ಬುತ್ತೆ. ರೈಫಲ್‌ನಲ್ಲಿ ಹೀಗೆ ಉಬ್ಬಿದ ಮರ ನಳಿಗೆಯನ್ನು ಒಂದು ಬದಿಗೆ ಒತ್ತಿದರೆ, ಬೇಸಿಗೆಯಲ್ಲಿ ಸರಿಯಾಗಿ ಹೊಡೆಯುತ್ತಿದ್ದ ಕೋವಿ ಈಗ ಬೇರೆ ಕಡೆ ಹೊಡೆಯುತ್ತೆ. ಸ್ಕ್ರೂ ಬಿಗಿ ಮಾಡಿ, ಗುರಿ ಮತ್ತೆ ಹೊಂದಿಸದೆ ಇದಕ್ಕೆ ಪರಿಹಾರವಿಲ್ಲ.

ಇನ್ನೊಂದು ತಮಾಷೆ ಕೊಬ್ಬರಿ ಎಣ್ಣೆಯದ್ದು. ಕೋವಿಗೂ ಅದನ್ನೇ ಹಚ್ಚುವವರಿದ್ದಾರೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತೆ, ನಮ್ಮ ಮಳೆಗಾಲದಲ್ಲಿ ಅಷ್ಟು ಚಳಿ ಇದ್ದೇ ಇರುತ್ತೆ. ತೋಟಾಕ್ಕೆ ಬಡಿಯುವ ಪಿನ್ ಜಿಡ್ಡಿನಲ್ಲಿ ನಿಧಾನವಾದರೆ ಏಟು ಸರಿಯಾಗಿ ಬೀಳಲ್ಲ, ತೋಟಾ ಹಾರುವುದೇ ಇಲ್ಲ. ಕಾಯಿ ಹೊಡೆಯಲು ಹೋದವರನ್ನು ಕಾಯಿಯ ಎಣ್ಣೆಯೇ ಕೆಡಿಸಿದಂತೆ! ಕೋವಿಗೆಂದೇ ಸಿಗುವ ತೆಳು ಎಣ್ಣೆ ಸಾಕು. ಅದನ್ನೂ ಸ್ಪರ್ಧೆಗೆ ಮುಂಚೆ ನಳಿಗೆಯೊಳಗಿಂದ ಒಣ ಬಟ್ಟೆಯಲ್ಲಿ ಒರೆಸಬೇಕು. ಎಣ್ಣೆ ಇರುವ ನಳಿಗೆಯ ಮೊದಲ ಗುಂಡು ಉಳಿದವುಗಳ ಜಾಗಕ್ಕೆ ಹೋಗದಿರಬಹುದು. ಸ್ಪರ್ಧೆಯಲ್ಲಿ ಆ ಮೊದಲ ಗುಂಡೇ ಮುಖ್ಯ.

ಪಾಯಿಂಟ್ 22 ರೈಫಲ್‌ಗೆ ಸ್ಕೋಪ್ ಇದ್ದರೆ ಅದನ್ನು ಹಿಡಿದಿರುವ ಎರಡು ರಿಂಗ್ ನೋಡಲೇಬೇಕು. ಲೆಕ್ಕ ಸರಳ. ರಿಂಗ್‌ಗಳ ನಡುವೆ 10 ಸೆಂಟಿಮೀಟರ್ ಅಂತರ ಇದೆ ಅಂದುಕೊಳ್ಳಿ. ಒಂದು ರಿಂಗ್ ಸಡಿಲವಾಗಿ 0.1 ಮಿಲಿಮೀಟರ್, ಅಂದರೆ ಒಂದು ಜೆರಾಕ್ಸ್ ಹಾಳೆಯ ದಪ್ಪದಷ್ಟು ಸರಿದರೆ, 50 ಮೀಟರ್ ದೂರದಲ್ಲಿ ಗುಂಡು 5 ಸೆಂಟಿಮೀಟರ್ ಆಚೆ ಬೀಳುತ್ತೆ. ಸುಲಿದ ಕಾಯಿಯ ನಟ್ಟನಡುವಿಗೆ ಗುರಿ ಇಟ್ಟರೂ ಗುಂಡು ಅಂಚು ಸವರಿ ಹೋಗಬಹುದು. ಹಾಳೆಯಷ್ಟು ಸಡಿಲ ಕಣ್ಣಿಗೆ ಕಾಣಲ್ಲ. ಜೀಪಿನ ಹಿಂದೆ ಕುಲುಕಾಡಿಕೊಂಡು ಬಂದ ಕೋವಿಯಾದರೆ ಸ್ಕೋಪ್ ಹಿಡಿದು ಅಲ್ಲಾಡಿಸಿ ನೋಡಿದರೂ ಸಾಲದು, ಸ್ಕ್ರೂಗಳನ್ನೇ ಪರೀಕ್ಷಿಸಬೇಕು. ಸ್ಕೋಪ್ ಇಲ್ಲದ ಕೋವಿಯಲ್ಲಿ ನಳಿಗೆ ತುದಿಯ ಸೈಟ್ ಬಾಗಿದ್ದರೂ ಇದೇ ಕಥೆ.

ತೋಟಾ ವಿಚಾರದಲ್ಲಿ ಉಳಿತಾಯ ಮಾಡಲು ಹೋಗಿ ಎಡವುವವರೂ ಇದ್ದಾರೆ. ಒಂದು ಕಂಪನಿಯ ತೋಟಾದಲ್ಲಿ ಗುರಿ ಹೊಂದಿಸಿ, ಸ್ಪರ್ಧೆಗೆ ಇನ್ನೊಂದು ಕಂಪನಿಯದ್ದು ತರುತ್ತಾರೆ. ವೇಗ ಬೇರೆ, ಬೀಳುವ ಜಾಗವೂ ಬೇರೆ. 12 ಬೋರ್‌ನ ಹಳೇ ಕಾಗದದ ತೋಟಾಗಳು ತೇವಕ್ಕೆ ಉಬ್ಬಿ ನಳಿಗೆಯೊಳಗೆ ಹೋಗುವುದೇ ಕಷ್ಟ. ಜೋಡಿ ನಳಿಗೆಯಲ್ಲಿ ಒಂಟಿ ಗುಂಡು ಹೊಡೆಯುವವರು ಎಡ, ಬಲ ಎರಡೂ ಒಂದೇ ಜಾಗಕ್ಕೆ ಹೊಡೆಯುತ್ತವೆ ಎಂದುಕೊಳ್ಳಬಾರದು. ಯಾವ ನಳಿಗೆ ನಂಬಬಹುದು ಎಂದು ಅನುಮತಿ ಇರುವ ಜಾಗದಲ್ಲಿ ಮೊದಲೇ ನೋಡಿಕೊಂಡಿರಬೇಕು.

ಬೇರೆಯವರ ಕೋವಿಯಲ್ಲಿ ಹೊಡೆಯುವುದಾದರೆ ಹೊಂದಿಸಲು ಅವಕಾಶ ಸಿಗಲ್ಲ. ಮುಂಚೆ ಹೊಡೆದವರನ್ನು "ಎತ್ತ ಎಳೀತಾ ಇದೆ?" ಎಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಗುರಿ ತಪ್ಪಿದರೆ ಬಹುಮಾನ ಹೋದೀತು, ಅಷ್ಟೇ. ನಳಿಗೆ ಕಟ್ಟಿಕೊಂಡಿದ್ದರೆ ಕೈಯೇ ಹೋಗಬಹುದು. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಕೋವಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುವ ಸಾಧ್ಯತೆ ಇದೆ. ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಕೋವಿ ಬಿಚ್ಚಿ ಹಿಂಬದಿಯಿಂದ ಬೆಳಕಿಗೆ ಹಿಡಿದು ನೋಡಬೇಕು. ಸ್ಪರ್ಧೆಯಲ್ಲಿ ಟ್ರಿಗರ್ ಒತ್ತಿದಾಗ ಗುಂಡು ಹಾರದಿದ್ದರೆ ತಕ್ಷಣ ಬಿಚ್ಚಬಾರದು. ತುದಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು, ತಡವಾಗಿ ಹಾರುವ ತೋಟಾ ಉಂಟು. ಇನ್ನು ಢಂ ಅನ್ನುವ ಬದಲು ಠುಸ್ ಎಂದು ಸಣ್ಣ ಸದ್ದು ಬಂದರೆ, ಗುಂಡೋ ತೋಟಾದೊಳಗಿನ ಬೆಣೆಯೋ ನಳಿಗೆಯಲ್ಲೇ ಉಳಿದಿರಬಹುದು. ಹಿಂದಿನಿಂದ ಎಷ್ಟು ಜನ "ಬೇಗ, ಬೇಗ" ಎಂದರೂ ನಳಿಗೆ ನೋಡದೆ ಮುಂದಿನ ತೋಟಾ ಹಾಕಬಾರದು.